ಒಲಿಂಪಿಕ್ಸ್ ಯಾರ ಹಬ್ಬ?

ಗ್ರೀಸಿನ ಪುರಾತನ ಕ್ರೀಡೋತ್ಸವಕ್ಕೆ 1896ರಲ್ಲಿ ಅಥೆನ್ಸಿನಲ್ಲಿ ಮರುಜೀವ ಬಂತು. ಆದರೆ ಮಹಿಳೆಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆಟದಿಂದ ಹಣ ಪಡೆದವರಿಗೂ ಬಾಗಿಲು ಮುಚ್ಚಿತ್ತು. 1912ರಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್, ಹಿಂದೆ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ ಮರುವರ್ಷ ಪದಕ ಕಳೆದುಕೊಂಡ. ದುಡಿದು ಉಣ್ಣುವವನು ಕಳಂಕಿತ, ಕುಳಿತು ಉಣ್ಣುವವನು ಪರಿಶುದ್ಧ! ಇದೆಂಥ ನ್ಯಾಯ?

ಆ ನಿಯಮ ಈಗಿಲ್ಲ. ಗೋಡೆ ಮಾತ್ರ ಉಳಿದಿದೆ. ಸಕಲೇಶಪುರ, ಆಲೂರಿನ ಕಾಫಿ ತೋಟಗಳ ಕೂಲಿಲೈನಿನ ಮಕ್ಕಳು ಗುಡ್ಡ ಹತ್ತಿಳಿದು ಶಾಲೆಗೆ ನಡೆಯುತ್ತಾರೆ. ಆ ಕಾಲುಗಳ ಕಸುವನ್ನು ಗುರುತಿಸುವವರು ಯಾರು? 2036ರ ಒಲಿಂಪಿಕ್ಸನ್ನು ಅಹಮದಾಬಾದಿಗೆ ತರಲು ಹೊರಟವರನ್ನು ನಾವು ಕೇಳುವುದಿಷ್ಟೇ: ಮೊದಲು ಈ ಮಕ್ಕಳಿಗೊಂದು ಸಮತಟ್ಟಾದ ಮೈದಾನ ಕೊಡಿ, ಒಬ್ಬ ತರಬೇತುದಾರನನ್ನು ಕೊಡಿ. ಓಡುವವರನ್ನು ಮರೆತು ಕ್ರೀಡಾಂಗಣ ಕಟ್ಟುವುದು ಹಬ್ಬವಲ್ಲ, ಬರೀ ಆಡಂಬರ.