‘ಇಂಗ್ಲೆಂಡಲ್ಲೂ ಇತ್ತಲ್ಲ’ ಅನ್ನೋರಿಗೆ

ಜಾತಿ ಅಂದ ಕೂಡಲೇ ಕೆಲವರು ಶುರು ಮಾಡ್ತಾರೆ: ‘ಇಂಗ್ಲಿಷ್ ದಣಿಗಳೂ ಆಳುಗಳನ್ನ ಹಾಗೇ ಇಟ್ಟಿದ್ರು.’ ಹೌದು, ಇಟ್ಟಿದ್ರು. ಸಸೆಕ್ಸ್‌ನ ಅಪ್‌ಪಾರ್ಕ್ ಬಂಗಲೆ ನೋಡಿ. ಒಂದು ಕಾಲಕ್ಕೆ ಅಡುಗೆಮನೆ, ಕುದುರೆಲಾಯ ಎಲ್ಲಾ ಹೊರಗಿನ ಕಟ್ಟಡಗಳಲ್ಲಿ. ಅಲ್ಲಿಂದ ಬಂಗಲೆಗೆ ನೆಲದಡಿ ಸುರಂಗ. ಊಟ ಹೊತ್ತು ತರೋ ಆಳು ಕಣ್ಣಿಗೆ ಬೀಳಬಾರದು! ಅನ್ಯಾಯವೇ ಅದು.

ಆದರೆ ಕತೆ ಪೂರ್ತಿ ಹೇಳಿ ಸ್ವಾಮಿ. 1825ರಲ್ಲಿ ಅದೇ ಬಂಗಲೆಯ ಒಡೆಯ, 70 ದಾಟಿದ ಸರ್ ಹ್ಯಾರಿ, ತನ್ನ ಡೈರಿಯ ಕೆಲಸದ ಹುಡುಗಿ ಮೇರಿ ಆನ್ ಬುಲಕ್‌ಳನ್ನ ಮದುವೆಯಾದ. 1846ರಲ್ಲಿ ಅವನು ಸತ್ತ ಮೇಲೆ ಎಸ್ಟೇಟ್ ಅವಳದ್ದಾಯ್ತು. ಮುಂದೆ ಅಲ್ಲೇ ಮನೆವಾರ್ತೆ ನೋಡಿಕೊಳ್ತಿದ್ದ ಹೆಂಗಸಿನ ಮಗನೇ ಲೇಖಕ ಎಚ್.ಜಿ. ವೆಲ್ಸ್.

ಇಂಥವು ಅಪರೂಪ, ಗೊತ್ತು. ಆದರೆ ಅವಳು ಮುಟ್ಟಿದ ಹಾಲು ಯಾರಿಗೂ ಮೈಲಿಗೆ ಆಗಿರಲಿಲ್ಲ. ಸುರಂಗದಲ್ಲಿ ಬಂದ ಊಟವನ್ನ ದಣಿ ಉಣ್ತಿದ್ದ. ಅಲ್ಲಿ ಬಚ್ಚಿಟ್ಟಿದ್ದು ಕೆಲಸವನ್ನ. ಇಲ್ಲಿ ದೂರ ಇಟ್ಟಿರೋದು ಹುಟ್ಟನ್ನ. ಕೆಲಸ ಬಿಡಬಹುದು. ಡಿಗ್ರಿ ತಗೊಂಡು ಆಫೀಸಲ್ಲಿ ಕೂತರೂ ಹುಟ್ಟು ಬಿಡಕ್ಕಾಗುತ್ತಾ?

ಅಪ್‌ಪಾರ್ಕ್‌ನ ಸುರಂಗ ಈಗ ಪ್ರವಾಸಿಗರು ನೋಡೋ ಜಾಗ. ನಮ್ಮ ಹಳ್ಳಿ ಹೋಟೆಲಿನ ಬೇರೆ ಲೋಟ ಇನ್ನೂ ಬಳಕೆಯಲ್ಲಿದೆ. ಆ ಲೋಟ ಮ್ಯೂಸಿಯಂ ಸೇರಲಿ, ಆಮೇಲೆ ಹೋಲಿಕೆ ಮಾತಾಡೋಣ.

ಜೈ ಭೀಮ್.