ಕೋಡಿಗೂ ಹದ ಇರತೈತಿ

ಟೈಮ್ ಮ್ಯಾನೇಜ್‌ಮೆಂಟ್ ಪಾಠ ಹೇಳೋರ ಮೇಲೆ ನನ್ನದೊಂದು ತಕರಾರು. ಬೆಳಿಗ್ಗೆ ಐದಕ್ಕೆ ಏಳ್ರಿ, ಪಟ್ಟಿ ಬರೀರಿ, ಫೋನ್ ದೂರ ಇಡ್ರಿ ಅಂತಾರೆ. ಎಲ್ಲಾ ನಮ್ಮ ಕೊರಳಿಗೇ. ನಮ್ಮ ಮುಂಜಾನೆಯನ್ನ ನಾಲ್ಕು ಮೀಟಿಂಗಿಗೆ ಹರಿದು ಹಂಚಿದವರ ಬಗ್ಗೆ ಮಾತ್ರ ಚಕಾರ ಇಲ್ಲ.

ಪೊಮೊಡೊರೊ ನೋಡ್ರಿ. 1980ರ ದಶಕದ ಕೊನೆಗೆ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ, ಟೊಮ್ಯಾಟೊ ಆಕಾರದ ಟೈಮರ್ ಇಟ್ಟುಕೊಂಡು ಓದೋಕೆ ಕೂತ. ಅದೇ ಮುಂದೆ 25 ನಿಮಿಷ ಕೆಲಸ, 5 ನಿಮಿಷ ವಿರಾಮ ಅನ್ನೋ ಪದ್ಧತಿಯಾಯ್ತು. ಆಗ ಅವನಿನ್ನೂ ವಿದ್ಯಾರ್ಥಿ, ಅವನ ಹೊತ್ತು ಅವನ ಕೈಯಾಗಿತ್ತು. ನಮಗೆ ಅಷ್ಟರೊಳಗೆ ಮೂರು ಸಲ 'ಕ್ವಿಕ್ ಕಾಲ್?' ಬಂದಿರತೈತಿ. ಟೊಮ್ಯಾಟೊ ಏನು ಮಾಡೀತು ಪಾಪ.

ನಮ್ಮದು ಸವದತ್ತಿ ಕಡೆಯ ಎರಿ ಹೊಲ. ಹಸಿ ಹೆಚ್ಚಾದರೆ ಮಣ್ಣು ಕುಂಟಿಗೆ ಮೆತ್ತತೈತಿ, ಒಣಗಿದರೆ ಬಿರುಕು ಬಿಟ್ಟು ಕಲ್ಲಾಗತೈತಿ. ನಡುವೆ ಸಿಗೋದು ಕೆಲವೇ ದಿನ. ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಅನ್ನೋದು ಅದಕ್ಕೇ. ಹಿಂಗಾರಿ ಜೋಳ ಬಿತ್ತೋ ಹೊತ್ತಿನಾಗ ಕೂರಿಗೆ ಹಿಡಿದವನನ್ನ 'ಎರಡು ನಿಮಿಷ ಬಾ, ಸ್ಟೇಟಸ್ ಹೇಳು' ಅಂತ ಕರೆದು ನೋಡ್ರಿ, ಅಪ್ಪ ಬಾರಕೋಲು ತೋರಸ್ತಾನ. (ಹಳ್ಳಿಯಾಗ ಎಲ್ಲಾ ಚಂದ ಅಂತಲ್ಲ. ಹೆಸ್ಕಾಂನ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದರೆ ನಿದ್ದೆಗೆಟ್ಟು ನೀರು ಹಾಯಿಸಬೇಕು. ಆದರೆ ರೈತನಿಗೆ ಶಿಸ್ತಿಲ್ಲ ಅಂತ ಅದಕ್ಕೆ ಯಾರೂ ಟ್ರೇನಿಂಗ್ ಇಡಲ್ಲ.)

ಒಂದು ಹಳೇ ಬಗ್‌ನ ಜಾಡು ಪೂರ್ತಿ ತಲೆಗೆ ಇಳಿಯೋಕೆ ನನಗೆ ಒಂದು ತಾಸು ಬೇಕು. ಐದು ನಿಮಿಷದ ಕರೆ ಆ ಇಡೀ ತಾಸನ್ನ ತಿಂದು ಹಾಕತೈತಿ. ಆಮೇಲೆ ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆಗೆದು ಕೂತರೆ ನಮ್ಮನ್ನ 'ಡೆಡಿಕೇಟೆಡ್' ಅಂತಾರೆ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರ ಲೆಕ್ಕ ದಿನಕ್ಕೆ 9, ವಾರಕ್ಕೆ 48 ತಾಸು. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ತಾಸು ದುಡೀರಿ ಅಂದ್ರು. 2024ರ ಜುಲೈನಲ್ಲಿ ಐಟಿಯವರನ್ನ ದಿನಕ್ಕೆ 14 ತಾಸಿನವರೆಗೆ ದುಡಿಸೋ ಪ್ರಸ್ತಾಪವೇ ಸರ್ಕಾರದ ಮುಂದೆ ಬಂತು, ನೌಕರರ ಸಂಘ ಬೀದಿಗಿಳೀತು. ಇರೋ ಒಂಬತ್ತನ್ನ ಚೂರು ಮಾಡಿ ಚೆಲ್ಲೋರು ಇನ್ನೂ ಐದು ಕೇಳೋದು ಯಾವ ಬಾಯಿಂದ?

ನಾನು ಒಂಬತ್ತೂವರೆಯಿಂದ ಹನ್ನೊಂದೂವರೆವರೆಗೆ ಕ್ಯಾಲೆಂಡರ್ ಮುಚ್ಚೀನಿ. ಯಾಕೆ ಕರೀತಾರೆ ಅಂತ ಬರೆಯದ ಮೀಟಿಂಗು ಡಿಕ್ಲೈನ್. "ಅರ್ಜೆಂಟ್ ಇದ್ರೆ ಹೆಂಗ್ರೀ?" ಅಂದ್ರು ನಮ್ಮ ಲೀಡ್. "ಪ್ರೊಡಕ್ಷನ್ ಬಿದ್ದರೆ ಫೋನ್ ಹಚ್ಚರಿ ಸರ್" ಅಂದೆ. ಮೂರು ತಿಂಗಳಾತು, ಎರಡೇ ಸಲ ರಿಂಗಾಗೈತಿ.