ಡಿಜಿಟಲ್ ಅಂದ್ರೆ ಅಮರ ಅಲ್ಲ ಸ್ವಾಮಿ

“ಎಲ್ಲಾ ಡಿಜಿಟಲ್ ಆಗಿದೆ, ಇನ್ನು ಯಾವ ಹಾಡೂ ಕಳೆದುಹೋಗಲ್ಲ.” ಈ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನು ನಾನು. ಡಿಜಿಟಲ್ ಎಷ್ಟು ಬೇಗ ಸಾಯುತ್ತೆ ಅಂತ ದಿನಾ ನೋಡ್ತೀನಿ.

1992ರಲ್ಲಿ ಅಲೆಸಿಸ್ ಕಂಪನಿಯ ಎಡ್ಯಾಟ್ ಮಾರುಕಟ್ಟೆಗೆ ಬಂತು. ನೋಡೋಕೆ ವಿಸಿಆರ್ ಅಣ್ಣ. ಎಸ್-ವಿಎಚ್‌ಎಸ್ ಕ್ಯಾಸೆಟ್ ಹಾಕಿದ್ರೆ ಎಂಟು ಟ್ರ್ಯಾಕ್. ದನಿ ಒಂದರಲ್ಲಿ, ಹಾರ್ಮೋನಿಯಂ ಒಂದರಲ್ಲಿ, ತಬಲ ಇನ್ನೊಂದರಲ್ಲಿ. 16 ಯಂತ್ರ ಜೋಡಿಸಿದ್ರೆ 128 ಟ್ರ್ಯಾಕ್! ಮರುವರ್ಷ ಟ್ಯಾಸ್ಕಾಮ್‌ನ ಡಿಎ-88 ಬಂತು, ಅದಕ್ಕೆ ಹೈ-8 ಟೇಪು. ಹಾಡುವವರು ಒಂದು ಸಾಲು ತಪ್ಪಿದ್ರೆ ಮೇಳದವರೆಲ್ಲ ಮೊದಲಿಂದ ನುಡಿಸಬೇಕಾಗಿರಲಿಲ್ಲ, ಆ ಸಾಲಷ್ಟೇ ಮತ್ತೆ ಹಾಡಿಸಿದ್ರೆ ಸಾಕು. ದೊಡ್ಡ ಸ್ಟುಡಿಯೋಗಳಿಗಷ್ಟೇ ಇದ್ದ ಸವಲತ್ತು ಚಿಕ್ಕವರ ಕೈಗೂ ಸಿಕ್ತು. ಅದಕ್ಕೊಂದು ನಮಸ್ಕಾರ.

ಆದ್ರೆ ಆ ಟೇಪುಗಳು ಈಗೆಲ್ಲಿವೆ?

ನಮ್ಮ ಸಂತೇಬೆನ್ನೂರು ಕಡೆಯ ಭಜನೆಯವರು ಆಗ ಬೆಂಗಳೂರಿಗೆ ಹೋಗಿ ಹಾಡಿ ಬಂದಿದ್ರು. ಮುಖ್ಯ ಹಾಡುಗಾರರು ತೀರಿಕೊಂಡ ಮೇಲೆ, ಅವರ ದನಿ ಬೇರೆಯಾಗಿ ಸಿಗುತ್ತಾ ಅಂತ ಸ್ಟುಡಿಯೋದವರನ್ನ ಕೇಳಿದ್ವಿ. “ಜಾಗ ತಿಂತಿತ್ತು, ಎಸೆದ್ವಿ” ಅಂದ್ರು. ಅಷ್ಟೇ. ಬೇಸರ ಕೂಡ ಇಲ್ಲ.

“ಕ್ಯಾಸೆಟ್ ಇದೆಯಲ್ಲ, ಯೂಟ್ಯೂಬಲ್ಲಿ ಇದೆಯಲ್ಲ” ಅಂತೀರಾ? ಅದು ಕಲಸಿದ ಅನ್ನ ಸ್ವಾಮಿ. ಅದರಿಂದ ಅನ್ನ, ಸಾರು, ತುಪ್ಪ ವಾಪಸ್ ಬೇರೆ ಮಾಡಿ ನೋಡೋಣ. ಇವತ್ತಿನ ಎಐ ಬೇರೆ ಮಾಡುತ್ತೆ ನಿಜ, ಆದ್ರೆ ಅದು ಅಂದಾಜು. ಟೇಪಲ್ಲಿ ಇದ್ದದ್ದು ಅಸಲು.

ಹಳೇ ಅನಲಾಗ್ ಟೇಪು ಮುದುಕಾದ್ರೆ ಗೊರಗೊರ ಅಂದ್ರೂ ಹಾಡುತ್ತೆ. ಡಿಜಿಟಲ್ ಟೇಪು ಹಾಗಲ್ಲ. ಒಂದು ಮಿತಿಯವರೆಗೆ ಯಂತ್ರವೇ ಲೆಕ್ಕ ಹಾಕಿ ತಪ್ಪನ್ನ ಮುಚ್ಚುತ್ತೆ, ಮಿತಿ ದಾಟಿದ್ರೆ ಸೀದಾ ಮೌನ. ಮುನ್ಸೂಚನೆಯೇ ಇಲ್ಲ. ಮೇಲಾಗಿ ಆ ಯಂತ್ರಗಳ ತಯಾರಿಕೆ ನಿಂತು ಎಷ್ಟೋ ವರ್ಷ ಆಯ್ತು. ಹೆಡ್ ಸವೆದಿದೆ, ರಬ್ಬರ್ ಚಕ್ರ ಗಟ್ಟಿಯಾಗಿದೆ.

ಉಳಿಸೋಕೆ ಕೋಟಿ ಬೇಕಾ? ಲೆಕ್ಕ ಹಾಕಿ. ಎಂಟು ಟ್ರ್ಯಾಕ್, ಸೆಕೆಂಡಿಗೆ 48,000 ಮಾದರಿ, ಒಂದೊಂದಕ್ಕೆ 16 ಬಿಟ್. ಎಸ್-ವಿಎಚ್‌ಎಸ್ 120 ಕ್ಯಾಸೆಟ್ಟಲ್ಲಿ ಹಿಡಿಯೋದು ಸುಮಾರು 40 ನಿಮಿಷ. ಒಟ್ಟು ಎರಡು ಜಿಬಿಗೂ ಕಮ್ಮಿ! ನಿಮ್ಮ ಫೋನಿನ ಗುಡ್ ಮಾರ್ನಿಂಗ್ ಚಿತ್ರಗಳು ಇದಕ್ಕಿಂತ ಜಾಸ್ತಿ ಜಾಗ ತಿಂದಿರ್ತವೆ. ಬೇಕಾಗಿರೋದು ಓಡೋ ಒಂದು ಯಂತ್ರ, ಒಂದು ಆಪ್ಟಿಕಲ್ ಕೇಬಲ್, ಟೇಪಿಗೆ 40 ನಿಮಿಷ ಕೂರೋ ತಾಳ್ಮೆ.

ನಮ್ಮೂರ ಹೊಂಡ ನೋಡಿ. ಹನುಮಪ್ಪ ನಾಯಕ ಕಟ್ಟಿಸಿದ್ದು, ಶತಮಾನಗಳಾದ್ರೂ ನಡುವೆ ವಸಂತ ಮಂಟಪ ನಿಂತಿದೆ. ಅಂಥ ಕಲ್ಲಿಗೇ ಕಾವಲು, ರಿಪೇರಿ ಬೇಕು. ಕೂದಲಷ್ಟು ದಪ್ಪ ಇಲ್ಲದ ಟೇಪು ತಾನೇ ತಾನಾಗಿ ಉಳಿಯುತ್ತಾ?

ಕ್ಯಾಸೆಟ್ ಕಂಪನಿಗಳೇ, ಎಸೆಯೋ ಮುಂಚೆ ಹಾಡಿದವರ ಮನೆಯವರಿಗೆ ಒಂದು ಫೋನ್ ಮಾಡಿ. ಜಾನಪದ ಅಕಾಡೆಮಿ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಒಂದೊಂದು ಯಂತ್ರ ರಿಪೇರಿ ಮಾಡಿಸಿ ಇಟ್ಕೊಳ್ಳಲಿ, ಟೇಪು ತಂದವರಿಗೆ ಪುಕ್ಕಟೆ ಪ್ರತಿ ಮಾಡಿಕೊಡಲಿ. ಕಲಾವಿದರೇ, ಮುಂದೆ ರೆಕಾರ್ಡಿಂಗಿಗೆ ಹೋದಾಗ ದುಡ್ಡಿನ ಜೊತೆ ಟ್ರ್ಯಾಕುಗಳ ಪ್ರತಿಯನ್ನೂ ಕೇಳಿ ಇಸ್ಕೊಳ್ಳಿ. ದನಿ ನಿಮ್ಮದು. ಇದನ್ನ ಕೇಳೋಕೆ ಸಂಕೋಚ ಯಾಕೆ?